ಯಾವಾಗ ಸೋಸಬೇಕು: ಯುನ್ನಾನಿನ ಕೆಂಪು ಚಹಾ ನಮ್ಮ ಅಡುಗೆಮನೆಯಲ್ಲಿ

(ಬೆಂಗಳೂರಿನ ಓದುಗರ ಬಳಗವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ನಡುವೆ ಸಭಿಕರಿಗೆ ಹಲವು ಸುತ್ತು ಚಹಾ ಸೋಸಿ ಕೊಡಲಾಗಿತ್ತು.)

ಎಲ್ಲರಿಗೂ ನಮಸ್ಕಾರ.

ಎರಡು ತಟ್ಟೆಗಳನ್ನು ಮುಂದಿನ ಸಾಲಿನಿಂದ ಕಳುಹಿಸುತ್ತಿದ್ದೇನೆ. ದಯವಿಟ್ಟು ಕೈಯಿಂದ ಕೈಗೆ ದಾಟಿಸುತ್ತ ನೋಡಿ, ಮೂಸಿ. ಮೊದಲನೆಯದರಲ್ಲಿರುವುದು ನಮ್ಮೆಲ್ಲರ ಮನೆಯ ಡಬ್ಬಿಯಲ್ಲಿರುವ ಚಹಾಪುಡಿ, ರಾಗಿ ಕಾಳಿನಷ್ಟು ಸಣ್ಣ, ಗಟ್ಟಿಯಾದ ಹರಳು. ಎರಡನೆಯದರಲ್ಲಿರುವುದು ಪುಡಿಯಲ್ಲ, ಎಲೆ. ದೀಪದ ಬತ್ತಿಯನ್ನು ಹೊಸೆದಂತೆ ಹೊಸೆದ, ಸುಮಾರು ಒಂದು ಅಂಗುಲ ಉದ್ದದ ಕಪ್ಪು ಎಳೆಗಳು, ಅವುಗಳ ನಡುವೆ ಅಲ್ಲಲ್ಲಿ ಹೊಂಬಣ್ಣದ ಕುಡಿಗಳು. ಆ ಕುಡಿಯೊಂದನ್ನು ಬೆಳಕಿಗೆ ಹಿಡಿದರೆ ಅದರ ಮೈಮೇಲೆಲ್ಲ ನವಿರಾದ ರೋಮ ಕಾಣುತ್ತದೆ. ಎಲೆಯನ್ನು ಹೊಸೆಯುವಾಗ ಹೊರಬಂದ ರಸ ಆ ಬಿಳಿಯ ರೋಮಕ್ಕೆ ಅಂಟಿ, ಗಾಳಿಗೆ ಬಣ್ಣ ತಿರುಗಿ ಚಿನ್ನದಂತಾಗಿದೆ.

ಎರಡೂ ತಟ್ಟೆಗಳಲ್ಲಿರುವ ಚಹಾ ಮೂಲದಲ್ಲಿ ಒಂದೇ ಬಗೆಯ ಗಿಡದ್ದು ಎಂಬುದನ್ನು ಮೊದಲು ಹೇಳಬೇಕು. ಅಸ್ಸಾಮಿನ ತೋಟಗಳಲ್ಲಿರುವುದು ಅಸ್ಸಾಮಿಕಾ ಎಂಬ ದೊಡ್ಡ ಎಲೆಯ ಪ್ರಭೇದ. ಅದರ ಪೂರ್ವಕ್ಕೆ, ಬರ್ಮಾವನ್ನು ದಾಟಿದರೆ ಸಿಗುವ ಚೀನಾದ ಯುನ್ನಾನ್ ಪ್ರಾಂತ್ಯದಲ್ಲಿ ಬೆಳೆಯುವುದೂ ಅದೇ ಪ್ರಭೇದ. ಅಸ್ಸಾಮಿನಲ್ಲಿ 1930ರ ದಶಕದಲ್ಲಿ ರೂಪುಗೊಂಡ ಸಿಟಿಸಿ ಯಂತ್ರ ಎಲೆಯನ್ನು ಹಲ್ಲುಗಳುಳ್ಳ ಉರುಳೆಗಳ ನಡುವೆ ಜಜ್ಜಿ, ಹರಿದು, ಸುರುಳಿ ಮಾಡುತ್ತದೆ. ಹಾಗೆ ಮಾಡಿದ ಪುಡಿ ಎರಡು ನಿಮಿಷ ಕುದಿದರೆ ಸಾಕು, ತನ್ನಲ್ಲಿರುವುದನ್ನೆಲ್ಲ ಒಮ್ಮೆಗೇ ಬಿಟ್ಟುಕೊಡುತ್ತದೆ. ಹಾಲು ಸಕ್ಕರೆಯ ಚಹಾಕ್ಕೆ ಬೇಕಾದದ್ದೂ ಅದೇ ಗುಣ. ಯುನ್ನಾನಿನ ಇಡೀ ಎಲೆಯಾದರೋ ತನ್ನ ರುಚಿಯನ್ನು ಕಂತು ಕಂತಾಗಿ ಕೊಡುತ್ತದೆ, ಆದ್ದರಿಂದ ಪ್ರತಿ ಕಂತನ್ನೂ ಎಲ್ಲಿ ನಿಲ್ಲಿಸಬೇಕೆಂಬುದನ್ನು ಕುಡಿಯುವವರೇ ತೀರ್ಮಾನಿಸಬೇಕಾಗುತ್ತದೆ. ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ: ಈ ಚಹಾ ತೋಟದಿಂದ ಬಟ್ಟಲಿನವರೆಗೂ ಸರಿಯಾದ ಗಳಿಗೆಯಲ್ಲಿ ನಿಲ್ಲಿಸುವ ಕೆಲಸ, ಮತ್ತು ಆ ಕೆಲಸದ ಕೊನೆಯ ಪಾಲು ನಮ್ಮ ಕೈಯಲ್ಲಿದೆ.

ಇದರ ಹೆಸರು ದಿಯೆನ್‌ಹೊಂಗ್. ದಿಯೆನ್ ಎಂದರೆ ಯುನ್ನಾನಿನ ಹಳೆಯ ಕಿರುಹೆಸರು, ಹೊಂಗ್ ಎಂದರೆ ಕೆಂಪು. ಇಂಗ್ಲಿಷಿನಲ್ಲಿ ಬ್ಲ್ಯಾಕ್ ಟೀ ಎನಿಸಿಕೊಳ್ಳುವ ಚಹಾವನ್ನು ಚೀನೀಯರು ಹೊಂಗ್ ಚಾ, ಅಂದರೆ ಕೆಂಪು ಚಹಾ ಎಂದು ಕರೆಯುತ್ತಾರೆ. ಅವರು ನೋಡಿದ್ದು ಬಟ್ಟಲಿನ ಬಣ್ಣವನ್ನು, ಒಣ ಎಲೆಯ ಬಣ್ಣವನ್ನಲ್ಲ. ನಮ್ಮ ಹೋಟೆಲುಗಳಲ್ಲಿ ಬ್ಲ್ಯಾಕ್ ಟೀ ಎಂದರೆ ಹಾಲಿಲ್ಲದ ಚಹಾ ಎಂಬ ಇನ್ನೊಂದೇ ಅರ್ಥ ಇರುವುದರಿಂದ ನಾನು ಇಲ್ಲಿ ಕೆಂಪು ಚಹಾ ಎಂದೇ ಹೇಳುತ್ತೇನೆ.

ಯುನ್ನಾನ್ ಚಹಾ ಗಿಡದ ತವರು ಸೀಮೆಗಳಲ್ಲಿ ಒಂದಾದರೂ ಅಲ್ಲಿ ಕೆಂಪು ಚಹಾ ಹುಟ್ಟಿ ನೂರು ವರ್ಷವೂ ಆಗಿಲ್ಲ. 1937ರಲ್ಲಿ ಜಪಾನಿನೊಂದಿಗೆ ಯುದ್ಧ ಆರಂಭವಾಗಿ, ಪೂರ್ವ ಚೀನಾದ ರೇವುಗಳೂ ಚಹಾ ಸೀಮೆಗಳೂ ಸಂಕಟಕ್ಕೆ ಸಿಕ್ಕಿದಾಗ, ರಫ್ತು ನಿಲ್ಲಬಾರದೆಂದು ಸರ್ಕಾರಿ ಚಹಾ ಸಂಸ್ಥೆ ಪಶ್ಚಿಮದ ಬೆಟ್ಟಗಳತ್ತ ತಿರುಗಿತು. ಆನ್‌ಹುಯಿ ಪ್ರಾಂತ್ಯದ ಚೀಮೆನ್ ಎಂಬಲ್ಲಿ ಕೆಂಪು ಚಹಾದ ಕೆಲಸ ಮಾಡಿ ಪಳಗಿದ್ದ ಫೆಂಗ್ ಶಾವೊಚಿಯು ಎಂಬ ತಜ್ಞರು 1938ರಲ್ಲಿ ಯುನ್ನಾನಿನ ಶುನ್‌ನಿಂಗ್‌ಗೆ ಬಂದು, ಅಲ್ಲಿನ ದೊಡ್ಡ ಎಲೆಯಿಂದ ಕೆಂಪು ಚಹಾ ಮಾಡಿ ನೋಡಿದರು. ಮರುವರ್ಷವೇ ಅಲ್ಲಿ ಕಾರ್ಖಾನೆ ಆರಂಭವಾಯಿತು. ಸರಕು ಹಾಂಗ್‌ಕಾಂಗ್ ಮಾರ್ಗವಾಗಿ ಲಂಡನ್ನಿಗೆ ಹೋಯಿತು. ಶುನ್‌ನಿಂಗ್‌ಗೆ ಇಂದಿನ ಹೆಸರು ಫೆಂಗ್‌ಚಿಂಗ್. ನೀವು ಈಗ ಮೂಸಿ ನೋಡುತ್ತಿರುವ ಎಲೆ ಅಲ್ಲಿಯದೇ.

ಕಿತ್ತ ಎಲೆ ಕೆಂಪು ಚಹಾ ಆಗುವ ಬಗೆಯನ್ನು ನಮ್ಮ ಅಡುಗೆಮನೆಯ ಒಂದು ಸಂಗತಿಯಿಂದ ವಿವರಿಸುತ್ತೇನೆ. ಹೆಚ್ಚಿದ ಬದನೆಕಾಯಿಯನ್ನು ನೀರಿಗೆ ಹಾಕದೆ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಅದು ಕಂದು ಬಣ್ಣಕ್ಕೆ ತಿರುಗುತ್ತದೆ. ಕತ್ತರಿಸಿದ ಕಡೆ ಜೀವಕೋಶ ಒಡೆದು, ಅದರೊಳಗಿನ ಕಿಣ್ವಕ್ಕೂ ಒಗರು ಕೊಡುವ ಪಾಲಿಫಿನಾಲ್‌ಗಳಿಗೂ ಗಾಳಿಯ ಆಮ್ಲಜನಕ ಸೇರಿದಾಗ ಆಗುವ ಬದಲಾವಣೆ ಅದು. ಚಹಾದಲ್ಲಿ ಆಗುವುದೂ ಇದೇ. ಕುಡಿ ಮತ್ತು ಅದರ ಕೆಳಗಿನ ಒಂದೆರಡು ಎಲೆಗಳನ್ನು ಹರಡಿ ಬಾಡಿಸುತ್ತಾರೆ. ಎಲೆ ಮೆತ್ತಗಾಗಿ, ಮಡಿಸಿದರೂ ಮುರಿಯದಂತಾದಾಗ ಹೊಸೆಯುತ್ತಾರೆ. ರಸ ಹೊರಬಂದ ಎಲೆಯನ್ನು ತೇವವಿರುವ ಕಡೆ ಕೆಲವು ಗಂಟೆ ಬಿಡುತ್ತಾರೆ. ಆಗ ಹಸಿರು ತಾಮ್ರವಾಗುತ್ತದೆ, ಹಸಿ ಹುಲ್ಲಿನ ವಾಸನೆ ಹೋಗಿ ಹಣ್ಣಿನ ವಾಸನೆ ಬರುತ್ತದೆ. ಈ ಹಂತವನ್ನು ಹುದುಗುವಿಕೆ ಎಂದು ಬರೆಯುವ ರೂಢಿಯಿದೆ, ಆದರೆ ದೋಸೆಹಿಟ್ಟು ಹುದುಗು ಬರುವಂತೆ ಇಲ್ಲಿ ಸೂಕ್ಷ್ಮಜೀವಿಗಳ ಕೆಲಸ ಇಲ್ಲ; ಇದು ಬದನೆಕಾಯಿ ಕಂದುವ ಜಾತಿಯ ಕ್ರಿಯೆ. ಎಲೆಯ ಪಾಲಿಫಿನಾಲ್‌ಗಳಾದ ಕ್ಯಾಟೆಚಿನ್‌ಗಳು ಮೊದಲು ಥಿಯಾಫ್ಲೇವಿನ್‌ಗಳಾಗುತ್ತವೆ, ಇವು ಹೊಳಪನ್ನೂ ಚುರುಕನ್ನೂ ಕೊಡುತ್ತವೆ. ಇನ್ನೂ ಮುಂದುವರಿದರೆ ಥಿಯಾರುಬಿಜಿನ್‌ಗಳು ಹೆಚ್ಚುತ್ತವೆ, ಇವುಗಳಿಂದ ಕೆಂಪು ಬಣ್ಣ ಮತ್ತು ಮೈಕಟ್ಟು. ಬೇಗ ನಿಲ್ಲಿಸಿದರೆ ಹಸಿ ಒಗರು ಉಳಿಯುತ್ತದೆ, ತಡವಾದರೆ ರಸ ಮಂಕಾಗುತ್ತದೆ. ಎಲೆಗೆ ಬಿಸಿಗಾಳಿ ಕೊಟ್ಟು ಕಿಣ್ವವನ್ನು ನಿಲ್ಲಿಸುವ ಗಳಿಗೆಯನ್ನು ಚಹಾ ಮಾಡುವವರು ಮೂಗಿನಿಂದ ನಿರ್ಧರಿಸುತ್ತಾರೆ.

ನಾವು ಮನೆಯಲ್ಲಿ ಮಾಡುವ ಕೆಲಸಕ್ಕೆ ಬರುತ್ತೇನೆ. ಇಲ್ಲಿ ಎಲೆಗಿಂತ ಮೊದಲು ನೀರಿನ ಮಾತು.

ಎಂಟನೆಯ ಶತಮಾನದಲ್ಲಿ ಚಹಾದ ಬಗ್ಗೆ ಬರೆದ ಲು ಯು, ಬೆಟ್ಟದ ನೀರು ಮೇಲು, ಹೊಳೆಯ ನೀರು ನಡುವಿನದು, ಬಾವಿಯ ನೀರು ಕೀಳು ಎಂದಿದ್ದಾರೆ. ಅವರ ಕಾಲದ ಚಹಾ ಬೇರೆ, ಕೆಂಪು ಚಹಾ ಆಗ ಇರಲೇ ಇಲ್ಲ. ಆದರೂ ಬೆಂಗಳೂರಿನ ಅಡುಗೆಮನೆಯಲ್ಲಿ ನಿಂತು ನೋಡಿದರೆ ಆ ಮಾತು ಇಂದಿಗೂ ಸಲ್ಲುತ್ತದೆ. ನಮ್ಮಲ್ಲಿ ಅನೇಕರ ಮನೆಗೆ ಒಂದು ನಲ್ಲಿಯಲ್ಲಿ ಕಾವೇರಿ ನೀರು, ಇನ್ನೊಂದರಲ್ಲಿ ಕೊಳವೆಬಾವಿಯ ನೀರು ಬರುತ್ತದೆ. ಒಂದೇ ತೂಕದ ಎಲೆಯನ್ನು ಎರಡು ಗಾಜಿನ ಲೋಟಗಳಲ್ಲಿ ಹಾಕಿ, ಎರಡೂ ನೀರನ್ನು ಬೇರೆ ಬೇರೆಯಾಗಿ ಕಾಯಿಸಿ ಸುರಿದು, ಮೂರು ನಿಮಿಷದ ಬಳಿಕ ಕಿಟಕಿಯ ಬಳಿ ಹಿಡಿದು ನೋಡಿ. ಗಡಸು ನೀರಿನ ಲೋಟದಲ್ಲಿ ರಸ ಕಂದಾಗಿ, ಮಸುಕಾಗಿರುತ್ತದೆ, ಮತ್ತು ಮೇಲೆ ಒಂದು ತೆಳುವಾದ ಪೊರೆ ಕಟ್ಟಿ, ಲೋಟ ಅಲುಗಿದಾಗ ಒಣಗಿದ ಕೆರೆಯ ಮಣ್ಣಿನಂತೆ ಬಿರುಕು ಬಿಡುತ್ತದೆ. ನೀರಿನ ಸುಣ್ಣದ ಅಂಶ ಚಹಾದ ಪಾಲಿಫಿನಾಲ್‌ಗಳೊಡನೆ ಸೇರಿ ಕಟ್ಟುವ ಪೊರೆ ಅದು. ಮೆದು ನೀರಿನ ಲೋಟದಲ್ಲಿ ಬಣ್ಣ ಕೆಂಪಾಗಿ, ಅಂಚಿನಲ್ಲಿ ಹೊಂಬಣ್ಣದ ಉಂಗುರ ಕಾಣುತ್ತದೆ. ಚೀನೀಯರು ಈ ಉಂಗುರವನ್ನು ಜಿನ್ ಚುವಾನ್, ಚಿನ್ನದ ವರ್ತುಲ, ಎಂದು ಹೆಸರಿಟ್ಟು ಗಮನಿಸುತ್ತಾರೆ. ಹಾಗೆಂದು ಆರ್‌ಓ ಯಂತ್ರದ ನೀರೇ ಉತ್ತಮ ಎಂದು ನಾನು ಹೇಳಲಾರೆ. ಖನಿಜವೆಲ್ಲ ಹೋದ ನೀರಿನಲ್ಲಿ ರುಚಿ ಚಪ್ಪಟೆಯಾಗುತ್ತದೆ. ಕಾವೇರಿ ನೀರನ್ನು ರಾತ್ರಿ ಬಾಯ್ತೆರೆದ ಪಾತ್ರೆಯಲ್ಲಿಟ್ಟು, ಕ್ಲೋರಿನ್ ವಾಸನೆ ಹೋದ ಮೇಲೆ ಸೋಸಿ ಬಳಸುವುದು ನನ್ನ ರೂಢಿ.

ನೀರಿನ ಬಿಸಿಯ ಬಗ್ಗೆ ಅನಗತ್ಯ ಆತಂಕ ಬೇಡ. ಕೆಂಪು ಚಹಾಕ್ಕೆ 90ರಿಂದ 95 ಡಿಗ್ರಿ ಸಾಕೆಂದು ಹೇಳುತ್ತಾರೆ. ಸಮುದ್ರಮಟ್ಟದಿಂದ ಸುಮಾರು 300 ಮೀಟರ್ ಏರಿದಂತೆಲ್ಲ ನೀರು ಕುದಿಯುವ ಬಿಂದು ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ನಾವು 900 ಮೀಟರ್ ಎತ್ತರದಲ್ಲಿದ್ದೇವೆ, ಇಲ್ಲಿ ನೀರು 97ಕ್ಕೇ ಕುದಿಯುತ್ತದೆ. ಯುನ್ನಾನಿನ ರಾಜಧಾನಿ ಕುನ್‌ಮಿಂಗ್ ಇರುವುದು ಸುಮಾರು 1900 ಮೀಟರ್ ಎತ್ತರದಲ್ಲಿ, ಅಲ್ಲಿ ಮಳಮಳ ಕುದಿಯುವ ನೀರೂ 94 ಡಿಗ್ರಿಯನ್ನು ದಾಟುವುದಿಲ್ಲ. ತವರಿನವರು ಯಾವ ಉಷ್ಣಮಾಪಕವೂ ಇಲ್ಲದೆ ಈ ಚಹಾವನ್ನು ಸರಿಯಾದ ಬಿಸಿಯಲ್ಲಿ ಕುಡಿಯುತ್ತ ಬಂದಿದ್ದಾರೆ. ನಾವು ಒಲೆ ಆರಿಸಿ ಒಂದು ನಿಮಿಷ ಕಾದರೆ ಅವರ ಊರಿನ ನೀರು ಸಿಕ್ಕಿತು. ಮಂಗಳೂರು, ಕಾರವಾರದ ಕಡೆಯವರು ಇನ್ನೂ ಸ್ವಲ್ಪ ಹೆಚ್ಚು ಕಾಯಬೇಕು, ಅಷ್ಟೇ.

ಅಳತೆಯಲ್ಲಿ ಮಾತ್ರ ನಾನು ಸ್ವಲ್ಪ ಕಟ್ಟುನಿಟ್ಟು. ಹೊಸೆದ ಎಲೆ ಚಮಚದಲ್ಲಿ ಅಡ್ಡಡ್ಡ ನಿಲ್ಲುವುದರಿಂದ ಚಮಚದ ಲೆಕ್ಕ ನಡೆಯುವುದಿಲ್ಲ; ಗ್ರಾಂ ತೋರಿಸುವ ಸಣ್ಣ ತಕ್ಕಡಿ ಬೇಕು. ಚಹಾ ಪರೀಕ್ಷಕರು ಚೀನಾದಲ್ಲಿ 3 ಗ್ರಾಂ ಎಲೆಗೆ 150 ಮಿಲಿಲೀಟರ್ ಕುದಿಯುವ ನೀರು ಹಾಕಿ 5 ನಿಮಿಷ ಬಿಡುತ್ತಾರೆ. ಐಎಸ್‌ಓ 3103 ಎಂಬ ಅಂತರರಾಷ್ಟ್ರೀಯ ಮಾನಕದಲ್ಲಿಯೂ ಇದೇ ಪ್ರಮಾಣ, 100 ಮಿಲಿಲೀಟರಿಗೆ 2 ಗ್ರಾಂ. ಸಮಯ 6 ನಿಮಿಷ. ಇವು ಎಲೆಯ ದೋಷವನ್ನು ಹೊರಗೆಳೆಯಲು ಮಾಡಿದ ವಿಧಾನಗಳು, ಸುಖವಾಗಿ ಕುಡಿಯಲು ಮಾಡಿದವಲ್ಲ. ಮನೆಯಲ್ಲಿ ಒಂದೇ ಸಲ ಸೋಸಿ ಕುಡಿಯುವುದಾದರೆ 250 ಮಿಲಿಲೀಟರ್ ನೀರಿಗೆ 3 ಗ್ರಾಂ ಎಲೆ, ಮೂರು ನಿಮಿಷ. ಮುಚ್ಚಳವಿರುವ ಒಂದು ಪಿಂಗಾಣಿ ಮಗ್ಗು, ಒಂದು ಜಾಲರಿ, ಇಷ್ಟಿದ್ದರೆ ಬೇರೇನೂ ಬೇಡ.

ಆದರೆ ಎಲೆಯ ಪೂರ್ತಿ ಪರಿಚಯ ಬೇಕೆನ್ನುವವರು ಗೈವಾನ್‌ನಲ್ಲಿ ಮಾಡಿ ನೋಡಬೇಕು. ನನ್ನ ಕೈಯಲ್ಲಿರುವ ಈ ಬಟ್ಟಲು ಗೈವಾನ್: ಮೇಲೆ ಮುಚ್ಚಳ, ನಡುವೆ ಬಟ್ಟಲು, ಕೆಳಗೆ ತಟ್ಟೆ. ಮುಚ್ಚಳ ಆಕಾಶ, ತಟ್ಟೆ ಭೂಮಿ, ನಡುವಿನ ಬಟ್ಟಲು ಮನುಷ್ಯ ಎಂದು ಚೀನೀಯರು ಹೇಳುತ್ತಾರೆ. ಇದು 110 ಮಿಲಿಲೀಟರ್ ಹಿಡಿಯುತ್ತದೆ, ನಾನು 5 ಗ್ರಾಂ ಎಲೆ ಹಾಕುತ್ತೇನೆ. ಮೊದಲು ಬಿಸಿನೀರು ಹಾಕಿ ಬಟ್ಟಲನ್ನು ಬೆಚ್ಚಗೆ ಮಾಡಿ, ಚೆಲ್ಲಿ, ಒಣ ಎಲೆ ಹಾಕಿ ಮುಚ್ಚಿ, ಎರಡು ಸಲ ಮೆಲ್ಲಗೆ ಕುಲುಕಿ, ಮುಚ್ಚಳವನ್ನು ಮೂಗಿನ ಬಳಿ ಹಿಡಿಯಿರಿ. ತಟ್ಟೆಯಲ್ಲಿ ಮೂಸಿದಾಗ ಇಲ್ಲದ ಒಂದು ಘಮ ಈಗ ಎದ್ದಿರುತ್ತದೆ. ಮೊದಲ ನೀರನ್ನು ಎಲೆ ತೊಳೆಯಲೆಂದು ಚೆಲ್ಲುವವರಿದ್ದಾರೆ. ಕೆಂಪು ಚಹಾದ ಮಟ್ಟಿಗೆ ನಾನು ಇದನ್ನು ಒಪ್ಪುವುದಿಲ್ಲ, ಏಕೆಂದರೆ ಬೇಗ ಹಾರುವ ಪರಿಮಳ ಇರುವುದೇ ಆ ನೀರಿನಲ್ಲಿ.

ನೀರನ್ನು ಎಲೆಯ ಮೇಲೆ ನೇರವಾಗಿ ಬೀಳಿಸದೆ ಬಟ್ಟಲಿನ ಗೋಡೆಗುಂಟ ಸುರಿಯಿರಿ. ಮೊದಲ ಸಲ ಹತ್ತು ಸೆಕೆಂಡು. ಮುಚ್ಚಳವನ್ನು ಕೂದಲೆಳೆಯಷ್ಟು ಓರೆ ಮಾಡಿ, ರಸವನ್ನು ಪೂರ್ತಿ ಬಸಿಯಿರಿ. ಕೊನೆಯ ಹನಿ ಬೀಳುವವರೆಗೆ ಕಾಯಿರಿ. ಈ ಕೊನೆಯ ಹನಿಯ ವಿಷಯದಲ್ಲಿಯೇ ನಾನು ತಿಂಗಳುಗಟ್ಟಲೆ ತಪ್ಪು ಮಾಡಿದ್ದೇನೆ. ಅರ್ಧ ಬಸಿದು ಮಾತಿಗೆ ಕೂರುತ್ತಿದ್ದೆ, ತಳದಲ್ಲಿ ಉಳಿದ ಎರಡು ಚಮಚ ನೀರಿನಲ್ಲಿ ಎಲೆ ನೆನೆಯುತ್ತಲೇ ಇರುತ್ತಿತ್ತು, ಮುಂದಿನ ಬಟ್ಟಲು ನಾಲಿಗೆ ಎಳೆಯುವಷ್ಟು ಒಗರಾಗುತ್ತಿತ್ತು. ಎಲೆ ಒಳ್ಳೆಯದಲ್ಲವೆಂದೇ ಬಗೆದಿದ್ದೆ. ಎಲೆಯಲ್ಲಿ ಕೊರತೆ ಇರಲಿಲ್ಲ. ಒಂದು ಸುತ್ತು ಮುಗಿಸದೆ ಇನ್ನೊಂದನ್ನು ಆರಂಭಿಸುತ್ತಿದ್ದವನು ನಾನು.

ಎರಡನೆಯ ಸುತ್ತೂ ಹತ್ತೇ ಸೆಕೆಂಡು, ಏಕೆಂದರೆ ಎಲೆ ಆಗಲೇ ನೆನೆದು ಬಿಚ್ಚಿಕೊಂಡಿದೆ. ಮೂರನೆಯದು ಹದಿನೈದು, ನಾಲ್ಕನೆಯದು ಇಪ್ಪತ್ತು, ಆಮೇಲೆ ಅರ್ಧ ನಿಮಿಷ, ಮುಕ್ಕಾಲು ನಿಮಿಷ, ಹೀಗೆ ಏಳೆಂಟು ಸುತ್ತು. ಇವು ನನ್ನ ಎಲೆಯ ಲೆಕ್ಕ. ನಿಮ್ಮ ಎಲೆಯಲ್ಲಿ ಕುಡಿಗಳೇ ಹೆಚ್ಚಿದ್ದರೆ ನೀರನ್ನು 85ರಿಂದ 90 ಡಿಗ್ರಿಗೆ ಇಳಿಸಬೇಕು.

ಬಟ್ಟಲುಗಳು ಈಗ ನಿಮ್ಮ ಕೈಗೆ ಬಂದಿವೆ. ಕುಡಿಯುವ ವಿಷಯದಲ್ಲಿ ಎರಡು ಮಾತು. ಹಿರಿಯರ ಮುಂದೆ ಸೊರ್ ಎಂದು ಸದ್ದು ಮಾಡಿ ಕುಡಿಯಬಾರದೆಂದು ನಮಗೆಲ್ಲ ಹೇಳಿಕೊಟ್ಟಿದ್ದಾರೆ, ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವ ಅಭ್ಯಾಸವೂ ಅನೇಕರಿಗಿದೆ. ರುಚಿ ನೋಡುವಾಗ ಎರಡನ್ನೂ ಸ್ವಲ್ಪ ಹೊತ್ತು ಬದಿಗಿಡಬೇಕು. ಗಾಳಿಯೊಡನೆ ಸೇರಿಸಿ ಹೀರಿದಾಗ ರಸ ಸಣ್ಣ ಹನಿಗಳಾಗಿ ನಾಲಿಗೆಯ ಮೇಲೆಲ್ಲ ಹರಡುತ್ತದೆ, ಪರಿಮಳ ಗಂಟಲ ಹಿಂಬದಿಯಿಂದ ಮೂಗಿಗೆ ಏರುತ್ತದೆ. ನಾವು ರುಚಿ ಎಂದು ತಿಳಿದಿರುವುದರಲ್ಲಿ ದೊಡ್ಡ ಪಾಲು ಹೀಗೆ ಏರಿದ ವಾಸನೆಯೇ.

ಸಿಕ್ಕ ರುಚಿಗೆ ಹೆಸರಿಡುವುದು ಎರಡನೆಯ ಮಾತು. ಈ ಚಹಾದ ವರ್ಣನೆಗಳಲ್ಲಿ ಮಾಲ್ಟ್ ಎಂಬ ಪದ ಪದೇ ಪದೇ ಬರುತ್ತದೆ, ಓದಿದವರಿಗೆ ಅದು ಪರಕೀಯವೆನಿಸುತ್ತದೆ. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ ಹುರಿಯುವಾಗ ಮನೆ ತುಂಬುವ ವಾಸನೆ ನಮಗೆ ಗೊತ್ತು; ಮಾಲ್ಟ್ ಎಂದರೆ ಅದೇ. ಮೊದಲ ಸುತ್ತಿನಲ್ಲಿ ನನಗೆ ಸಿಗುವುದು ಆ ಹುರಿದ ಮೊಳಕೆ ರಾಗಿಯ ವಾಸನೆ. ಎರಡು ಮತ್ತು ಮೂರನೆಯ ಸುತ್ತಿನಲ್ಲಿ ಕೆಂಡದಲ್ಲಿ ಸುಟ್ಟ ಗೆಣಸಿನ ಸಿಪ್ಪೆಯ ಒಳಬದಿಯಲ್ಲಿ ಅಂಟಿಕೊಂಡಿರುವ ಜಿಗುಟು ಸಿಹಿ, ಅದರ ಹಿಂದೆ ಕಾಳುಮೆಣಸಿನ ಸಣ್ಣ ಖಾರ. ಐದನೆಯದರಲ್ಲಿ ಪರಿಮಳ ಇಳಿದು ರಸ ದಪ್ಪವಾಗುತ್ತದೆ. ಏಳನೆಯದರಲ್ಲಿ ನೀರು ಬೆರೆಸಿದ ಕಬ್ಬಿನ ಹಾಲಿನಂತಹ ತಿಳಿಸಿಹಿ ಮತ್ತು ಸ್ವಲ್ಪ ಮರದ ವಾಸನೆ. ನಿಮಗೆ ಬೇರೆಯೇ ಸಿಕ್ಕಿದರೆ ದಯವಿಟ್ಟು ಅದನ್ನೇ ನಂಬಿ, ಬರೆದಿಟ್ಟುಕೊಳ್ಳಿ.

ಕಹಿ ಮತ್ತು ಒಗರನ್ನು ಬೇರ್ಪಡಿಸಿ ನೋಡಲು ಕಲಿಯಬೇಕು. ಕಹಿ ಒಂದು ರುಚಿ, ಹಾಗಲಕಾಯಿಯಲ್ಲಿ ಸಿಗುವುದು. ಒಗರು ಸ್ಪರ್ಶ, ಪಾಲಿಫಿನಾಲ್‌ಗಳು ಬಾಯಿಯ ಎಂಜಲಿನ ಪ್ರೋಟೀನಿಗೆ ಅಂಟಿ, ಜಾರುವ ಗುಣವನ್ನು ತೆಗೆದಾಗ ಎಳಸು ಬಾಳೆಕಾಯಿ ಕಚ್ಚಿದಂತೆ ಬಾಯಿ ಹಿಡಿಯುತ್ತದೆ. ಇಂಗ್ಲಿಷಿನ ಚಹಾ ಬರಹಗಳಲ್ಲಿ ಇದಕ್ಕೆ ಉದ್ದನೆಯ ವಿವರಣೆ ಬೇಕಾಗುತ್ತದೆ, ನಮ್ಮ ಮಕ್ಕಳಿಗೂ ಒಗರು ಎಂದರೆ ಸಾಕು. ಚೆನ್ನಾಗಿ ಸೋಸಿದ ದಿಯೆನ್‌ಹೊಂಗ್‌ನಲ್ಲಿ ಒಗರು ಇರಬೇಕು, ಆದರೆ ನುಂಗಿದ ಕೂಡಲೇ ಕರಗಬೇಕು.

ಕರಗಿದ ಮೇಲೆ ಬರುವುದೇ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ನುಂಗಿ, ಮಾತಾಡದೆ, ಅರ್ಧ ನಿಮಿಷ ಕಾಯಿರಿ. ಗಂಟಲ ಬುಡದಿಂದ ಒಂದು ಸಿಹಿ ಮರಳಿ ಬರುತ್ತದೆ. ಚೀನೀಯರು ಇದಕ್ಕೆ ಹುಯಿಗಾನ್, ಮರಳಿ ಬರುವ ಸಿಹಿ, ಎನ್ನುತ್ತಾರೆ. ಇದನ್ನು ನಾನು ಎಷ್ಟು ವರ್ಣಿಸಿದರೂ ಒಂದು ನೆಲ್ಲಿಕಾಯಿಯಷ್ಟು ಸ್ಪಷ್ಟವಾಗದು: ಬೆಟ್ಟದ ನೆಲ್ಲಿಕಾಯಿ ಜಗಿದು ನೀರು ಕುಡಿದಾಗ ಆಗುವ ಸಿಹಿಯ ಬಂಧು ಇದು. ನೆಲ್ಲಿಕಾಯಿ ಯುನ್ನಾನಿನ ಬೆಟ್ಟಗಳಲ್ಲಿಯೂ ಬೆಳೆಯುತ್ತದೆ, ಮತ್ತು ಅದರ ಚೀನೀ ಹೆಸರು ಯುಗಾನ್‌ಝಿ, ಅಂದರೆ ಉಳಿಯುವ ಸಿಹಿಯ ಕಾಯಿ. ಎರಡೂ ಹೆಸರುಗಳಲ್ಲಿರುವ ಗಾನ್ ಒಂದೇ ಪದ.

ಹಾಲು ಹಾಕಬಹುದೇ ಎಂದು ಒಬ್ಬರು ಚೀಟಿ ಕಳುಹಿಸಿದ್ದಾರೆ. ಹಾಕಬಾರದೆಂಬ ನಿಯಮವಿಲ್ಲ. ಹಾಲಿನ ಕೇಸೀನ್ ಎಂಬ ಪ್ರೋಟೀನು ಪಾಲಿಫಿನಾಲ್‌ಗಳನ್ನು ಹಿಡಿದು ಒಗರನ್ನು ತಗ್ಗಿಸುತ್ತದೆ, ಸಿಟಿಸಿ ಚಹಾಕ್ಕೆ ಅದು ಹೊಂದುವುದು ಆ ಕಾರಣಕ್ಕೇ. ಈ ಎಲೆಯಲ್ಲಿ ತಗ್ಗಿಸಬೇಕಾದ ಒಗರು ಕಡಿಮೆ, ಆದ್ದರಿಂದ ಹಾಲು ಹಾಕಿದರೆ ನಷ್ಟವಾಗುವುದು ಪರಿಮಳವೇ.

ಕೊಳ್ಳುವವರಿಗೆ ಒಂದು ಸಲಹೆ. ಪೂರ್ತಿ ಚಿನ್ನದ ಕುಡಿಗಳೇ ಇರುವ ಚಹಾ ನೋಡಲು ಬೆರಗು, ಬೆಲೆಯೂ ಹೆಚ್ಚು. ಆದರೆ ಅದರ ರಸ ಮೆದು, ಸಿಹಿ, ಸ್ವಲ್ಪ ಬೆನ್ನೆಲುಬಿಲ್ಲದ್ದು ಎಂಬುದು ನನ್ನ ಅನುಭವ. ಕುಡಿಯೊಂದಿಗೆ ಒಂದೆರಡು ಎಲೆ ಇರುವ ಚಹಾದಿಂದ ಆರಂಭಿಸಿ. ತಂದ ಮೇಲೆ ಬಿಗಿ ಮುಚ್ಚಳದ ತಗಡಿನ ಡಬ್ಬಿಯಲ್ಲಿ, ಮಸಾಲೆಗಳಿಂದ ದೂರ ಇಡಿ. ನಾನು ಒಂದು ಮಳೆಗಾಲದಲ್ಲಿ ಇಂಗಿನ ಡಬ್ಬಿ ಇರುವ ಗೂಡಿನಲ್ಲೇ ಚಹಾ ಇಟ್ಟಿದ್ದೆ. ಒಣ ಎಲೆ ತೇವವನ್ನೂ ವಾಸನೆಯನ್ನೂ ಎಳೆದುಕೊಳ್ಳುತ್ತದೆ, ಮೂರು ವಾರದಲ್ಲಿ ಇಡೀ 100 ಗ್ರಾಂ ಎಲೆ ಒಗ್ಗರಣೆಯ ವಾಸನೆ ಹಿಡಿದು ಹೋಯಿತು. ಆ ನಷ್ಟ ಈಗಲೂ ನನ್ನನ್ನು ಬಾಧಿಸುತ್ತದೆ, ಏಕೆಂದರೆ ಯಾರೋ ಬೆಟ್ಟದ ಮೇಲೆ ಒಂದೊಂದಾಗಿ ಕಿತ್ತ ಕುಡಿಗಳು ಅವು.

ಕೊನೆಯದಾಗಿ, ಮೇಜಿನ ಈ ತುದಿಯಲ್ಲಿ ಬಟ್ಟೆ ಮುಚ್ಚಿಟ್ಟಿದ್ದ ಗಾಜಿನ ಲೋಟವನ್ನು ನೋಡಿ. ಬೆಳಿಗ್ಗೆ ಇದೇ ಎಲೆಯನ್ನು ಪರೀಕ್ಷಕರ ಅಳತೆಯಲ್ಲಿ ಐದು ನಿಮಿಷ ನೆನೆಸಿ, ಸೋಸಿ, ಫ್ರಿಜ್‌ನಲ್ಲಿಟ್ಟು ತಂದಿದ್ದೇನೆ. ಸೋಸಿದಾಗ ಮಾಣಿಕ್ಯದಂತೆ ತಿಳಿಯಾಗಿದ್ದ ರಸ ಈಗ ಹಾಲು ಬೆರೆಸಿದಂತೆ ಮಬ್ಬಾಗಿದೆ. ಕೆಟ್ಟಿಲ್ಲ. ಕೆಫೀನು ಮತ್ತು ಥಿಯಾಫ್ಲೇವಿನ್‌ಗಳು ಬಿಸಿಯಲ್ಲಿ ಬಿಡಿಬಿಡಿಯಾಗಿ ಇರುತ್ತವೆ, ತಣಿದಾಗ ಒಂದನ್ನೊಂದು ಹಿಡಿದು ಕಣಗಳಾಗುತ್ತವೆ. ಎಲೆಯಲ್ಲಿ ಎರಡೂ ಧಾರಾಳವಾಗಿದ್ದರೆ ಮಬ್ಬು ದಟ್ಟವಾಗುತ್ತದೆ, ಆದ್ದರಿಂದ ಯುನ್ನಾನಿನವರು ಇದನ್ನು ಎಲೆಯ ಗಟ್ಟಿತನದ ಗುರುತೆಂದು ಎಣಿಸುತ್ತಾರೆ. ಈಗ ಲೋಟವನ್ನು ಈ ಬಿಸಿನೀರಿನ ಬೋಗುಣಿಯಲ್ಲಿ ಇಳಿಸುತ್ತೇನೆ. ಹತ್ತಿರ ಬನ್ನಿ, ಹಿಂದಿನವರಿಗೂ ಸ್ವಲ್ಪ ಜಾಗ ಬಿಡಿ. ಗಾಜಿನ ಗೋಡೆಗುಂಟ ಮೊದಲು, ಆಮೇಲೆ ಒಳಕ್ಕೆ, ಮಬ್ಬು ಬಿಡುತ್ತಿದೆ. ಲೋಟದಾಚೆ ಹಿಡಿದ ನನ್ನ ಬೆರಳು ಈಗ ನಿಮಗೆ ಕಾಣುತ್ತಿರಬೇಕು.